ಹಿಮ್ಮಡಿಯ ಗುರುತು

"ಬೂಟಿನ ಮೇಲೆ ಉಣ್ಣೆ ಚಪ್ಪಲಿ ಹಾಕ್ಕೊಳ್ರೋ! ಪೆಟ್ಟಿಗೆ ಹೊತ್ತೋರನ್ನೂ ಬಿಡಲ್ಲ!"

ಅಲೊಯಿಸ್ ಮುದುಕ ಅರಮನೆಯ ಬಾಗಿಲಿಗೆ ಅಡ್ಡ ನಿಂತು ಕೂಗಿದ. ನೆಲಕ್ಕೆ ಗೀರು ಬೀಳಬಾರದೆಂದು ಇಷ್ಟು ವರ್ಷ ಇಲ್ಲಿ ಹೀಗೆ ಗದರುತ್ತಿದ್ದವಳು ಅವನ ಹೆಂಡತಿ ಹೆರ್ಮೀನೆ. ಇವತ್ತು ಅವಳೇ ಶವಪೆಟ್ಟಿಗೆಯೊಳಗಿದ್ದಳು.

ನಮ್ಮ ವಿಯೆನ್ನಾದವರಿಗೆ ಸಾವಿನಲ್ಲೂ ಠೀವಿ ಬೇಕು. ಹಾಗಾಗಿ ಅರಮನೆಯ ಮೇಲ್ವಿಚಾರಕ ಟ್ರಾಟ್ನಿಗ್, ಪೆಟ್ಟಿಗೆ ನೃತ್ಯದ ಹಜಾರದ ಮೂಲಕ ಹೋಗಲೆಂದು ಒಪ್ಪಿದ್ದ.

"ನೇರ ಬಂದು ನೇರ ಆಚೆ. ಅಷ್ಟೇ," ಎಂದ.

"ಒಂದು ಸುತ್ತು ವಾಲ್ಟ್ಸ್ ಕುಣಿತ ಆಗ್ಲಿ ಸ್ವಾಮಿ. ಮದುವೆ ದಿನ ಅವಳು ಮಾತು ಕೊಟ್ಟಿದ್ಲು. ಇವತ್ತು ಬಿಟ್ರೆ ಇನ್ಯಾವತ್ತು?"

"ಪೆಟ್ಟಿಗೆ ಕುಣಿಸ್ತೀರಾ? ಜಾರಿ ಬಿದ್ರೆ ನೆಲದ ಗತಿ ಏನ್ರೀ!"

"ಅತ್ತೆ ಬದುಕಿದ್ದಿದ್ರೂ ಇದನ್ನೇ ಹೇಳ್ತಿದ್ಲು," ಎಂದು ಹೆಗಲು ಕೊಟ್ಟಿದ್ದ ಸೋದರಳಿಯ ಗೆರ್ನೋಟ್ ನಕ್ಕ.

*

ಬೇಸಗೆಯ ಮೋಜಿಗೆಂದು ರಾಜಕುಮಾರನೊಬ್ಬ ಕಟ್ಟಿಸಿದ ಅರಮನೆ ಅದು. ಹಜಾರದ ನೆಲದ ತುಂಬ ಮರದ ಚೂರುಗಳಲ್ಲಿ ಕೂರಿಸಿದ ನಕ್ಷತ್ರಗಳು. ಮರಿಮಕ್ಕಳು ಜೂಜಿನಲ್ಲಿ ಕಳೆದರು, ಸರ್ಕಾರ ಕೊಂಡಿತು, ಯುದ್ಧ ಮುಗಿದಾಗ ಸೈನಿಕರು ಒಳಗೆ ಕುದುರೆ ಕಟ್ಟಿದರು.

ಲದ್ದಿ ಕೆರೆಯಲು ಬಂದ ಹೆರ್ಮೀನೆ ಒಂದು ದಿನ ಕಿಟಾರನೆ ಕಿರುಚಿದಳು. ಬಾಂಬು ಸಿಕ್ಕಿತೆಂದು ಗಾರೆ ಕೆಲಸದ ಅಲೊಯಿಸ್ ಓಡಿಬಂದ.

"ನೋಡೋ, ನಕ್ಷತ್ರ!" ಎಂದಳು. ಅಂದಿನಿಂದ ಆ ನೆಲ ನೋಡಿಕೊಳ್ಳುವುದೇ ಅವಳ ಕೆಲಸವಾಯಿತು.

ಮದುವೆಯ ದಿನ ಅವನು ಅವಳನ್ನು ಅದೇ ನೆಲದ ಮೇಲೆ ಕುಣಿಯಲು ಎಳೆದ. "ಮೇಣ ಇನ್ನೂ ಹಸಿ ಕಣೋ. ನಾಳೆ," ಎಂದಳು. ಮರುದಿನವೂ ಮೇಣ ಹಚ್ಚಿದಳು, ಅದರ ಮರುದಿನವೂ. ಒಬ್ಬರ ಹಿಮ್ಮಡಿಯ ಗುರುತೂ ಬೀಳಲು ಬಿಡಲಿಲ್ಲ. ಅವನಿಗೆ ಆ ನೆಲದ ಮೇಲೆ ಹೊಟ್ಟೆಕಿಚ್ಚೇ ಇತ್ತು.

*

"ಎಡಕ್ಕೆ ತಿರುಗ್ಸ್ರೋ!" ಎಂದು ಅಲೊಯಿಸ್ ಕೂಗಿಯೇಬಿಟ್ಟ.

ಪೆಟ್ಟಿಗೆ ತಿರುಗಿತು. ಉಣ್ಣೆ ಚಪ್ಪಲಿಗಳು ಮೇಣದ ಮೇಲೆ ಸರ್ರನೆ ಜಾರಿದವು. ಎರಡನೇ ಸುತ್ತಿನಲ್ಲಿ ಗೆರ್ನೋಟನ ಕಾಲು ತಪ್ಪಿತು, ಪೆಟ್ಟಿಗೆ ವಾಲಿತು. ಎಲ್ಲರೂ ಹೋ ಎಂದರು. ಟ್ರಾಟ್ನಿಗ್ ನೆಗೆದು ಬಂದು ಹೆಗಲು ಕೊಟ್ಟ.

"ನಿಲ್ಲಿಸ್ಲಾ?" ಎಂದು ಗೆರ್ನೋಟ್ ಏದುಸಿರುಬಿಟ್ಟ.

"ಅರ್ಧಕ್ಕೆ ನಿಲ್ಲಿಸ್ತಾರೇನ್ರೀ! ಒಂದು, ಎರಡು, ಮೂರು..." ಟ್ರಾಟ್ನಿಗನೇ ತಾಳ ಹಿಡಿದ. ಅಲೊಯಿಸ್ ಪೆಟ್ಟಿಗೆಯ ಅಂಚು ಹಿಡಿದು ಅಳುತ್ತ, ನಗುತ್ತ, ಜೊತೆಗೆ ಸುತ್ತಿದ. ಅವನಿಗೆ ಅಷ್ಟು ಸಂತೋಷವಾಗಿ ಎಷ್ಟೋ ಕಾಲವಾಗಿತ್ತು.

ಅದೇ ಗದ್ದಲದಲ್ಲಿ ಎಲ್ಲರೂ ತೋಟ ದಾಟಿ, ಗೋಡೆಯಾಚೆಯ ಸ್ಮಶಾನ ಸೇರಿದರು. ಪ್ರಾರ್ಥನೆ ಶುರುಮಾಡಿದ ಪಾದ್ರಿ ಕೆಳಗೆ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಒಬ್ಬರೂ ಉಣ್ಣೆ ಚಪ್ಪಲಿ ಬಿಚ್ಚಿರಲಿಲ್ಲ. ಹೆರ್ಮೀನೆಯ ಗುಂಡಿಯ ಸುತ್ತ ಹಸಿ ಮಣ್ಣು ನುಣ್ಣಗಿತ್ತು. ಎಲ್ಲೂ ಒಂದು ಹಿಮ್ಮಡಿಯ ಗುರುತಿರಲಿಲ್ಲ.