ಮೂರನೇ ಕಂಬದ ಪರಿವಾರ

ಒಂದು ಊರಿನ ಹೊಳೆಗೆ ನಾಲ್ಕು ಕಲ್ಲುಕಂಬಗಳ ಸೇತುವೆಯಿತ್ತು. ಯಾವ ಊರೆಂದು ಕೇಳಬೇಡಿ. ಹೆಸರು ಹೇಳಿದರೆ ಹತ್ತು ಊರಿನವರು ಜಗಳಕ್ಕೆ ಬಂದಾರು. ನಡುನೀರಲ್ಲಿ ನಿಂತ ಮೂರನೇ ಕಂಬಕ್ಕೆ ಇಡೀ ಸೇತುವೆ ತನ್ನೊಬ್ಬನ ಹೆಗಲ ಮೇಲಿದೆಯೆಂಬ ಭ್ರಮೆ. ಉಳಿದ ಮೂರು ಅದರ ಕಣ್ಣಿಗೆ ದನ ಕಟ್ಟುವ ಗೂಟಗಳು.

ಮುಂಗಾರಿನ ಮೊದಲ ನೆರೆಯಲ್ಲಿ ಮಾವಿನ ದಿಮ್ಮಿಯೊಂದು ತೇಲಿಬಂದು ಅದಕ್ಕೆ ಅಡ್ಡ ಒರಗಿತು.

"ದೊರೆ, ಮೇಲಿನ ಏಳೂರಿನ ಕಂಬ ನೋಡಿ ಬಂದೆ. ನಿಮ್ಮ ಮುಂದೆ ಅವೆಲ್ಲ ಕಡ್ಡಿ."

ಕಂಬ ಉಬ್ಬಿತು. ಕಲ್ಲು ಉಬ್ಬುವುದಿಲ್ಲ ಎನ್ನುವವರು ಹೊಗಳಿ ನೋಡಿಲ್ಲ, ಅಷ್ಟೆ.

ದಿಮ್ಮಿಯ ಬೆನ್ನಿಗೆ ಬಿದಿರು ಬಂತು, ಬಾಳೆದಿಂಡು ಬಂತು, ಯಾರದೋ ಹಟ್ಟಿಯ ಬಾಗಿಲೂ ಬಂತು. ವಾರದೊಳಗೆ ಕಂಬದ ಮುಂದೆ ದರ್ಬಾರು ನೆರೆಯಿತು. ಎದುರಿಂದ ಬಂದ ನೀರಿಗೆ ದಾರಿಯಿಲ್ಲ. ಅದು ತಲೆ ತಗ್ಗಿಸಿ ಕೆಳಗೆ ನುಗ್ಗಿ, ಕಂಬದ ಬುಡವನ್ನೇ ಕೆರೆಯತೊಡಗಿತು.

"ಅಣ್ಣಾ, ನಿನ್ನ ಹೊತ್ತಿರೋರು ನಾವು," ಮರಳು ಕೂಗಿತು. "ಹಿಡಿಹಿಡಿ ಹೋಗ್ತಾ ಇದ್ದೀವಿ. ಆ ಗುಂಪು ಬಿಡಿಸು, ಇಲ್ಲಾಂದ್ರೆ ನೀನೂ ಬೀಳ್ತೀ."

"ಕಾಲಡಿಯ ಪುಡಿಗೂ ಮಾತು ಬಂತೇ!" ಎಂದು ಕಂಬ ನಕ್ಕಿತು. ದರ್ಬಾರೂ ನಕ್ಕಿತು.

ಪ್ರತಿ ನೆರೆಯಲ್ಲೂ ಅಂಬಿಗರ ಬರಮಣ್ಣ ದೋಣಿಯಲ್ಲಿ ಹೋಗಿ, ಕೊಕ್ಕೆ ಕಟ್ಟಿದ ಗಳದಿಂದ ಕಸ ಎಳೆದುಹಾಕುವುದು ಅಲ್ಲಿಯ ರೂಢಿ. ಈ ಸಲ ಗೌಡರೂ ಊರ ಹಿರಿಯರೂ ತಡೆದರು. ದಂಡೆಯಿಂದ ಅವರಿಗೆ ಆ ಕಸ ಕಂಬಕ್ಕೆ ಹಾಕಿದ ಹೂವಿನ ಹಾರದಂತೆ ಕಂಡಿತ್ತು. ಗಂಗಮ್ಮ ತಾನಾಗಿ ಹಾಕಿದ ಹಾರವನ್ನು ನೆರೆ ಇಳಿಯುವ ಮುಂಚೆ ತೆಗೆಯುವುದುಂಟೇ?

"ಗೌಡ್ರೇ, ಕಂಬದ ಬುಡಕ್ಕೆ ಗಳ ಇಳಿಬಿಟ್ಟು ನೋಡಿದೆ. ಹೋದ್ವರ್ಷ ಎರಡಾಳು ಆಳ ಇತ್ತು. ಈಗ ತಳಾನೇ ಸಿಗ್ತಿಲ್ಲ."

"ನಿನ್ನ ಗಳ ಗಿಡ್ಡ ಆಗಿರಬೇಕು ಬಿಡೋ," ಎಂದರು ಗೌಡರು.

ಅದಾಗಿ ಐದನೇ ದಿನ ಮೂರನೇ ಕಂಬ ಮಂಡಿಯೂರಿತು. ಹುಟ್ಟಿದಂದಿನಿಂದ ಯಾರಿಗೂ ತಲೆಬಾಗದಿದ್ದದ್ದು ಸೇತುವೆಯನ್ನೂ ಎಳೆದುಕೊಂಡು ಹೊಳೆಗೆ ಸಾಷ್ಟಾಂಗ ಹಾಕಿತು. ಪರಿವಾರ ಹಿಂತಿರುಗಿಯೂ ನೋಡದೆ ತೇಲಿ ಹೋಯಿತು.

ಪಂಚಾಯಿತಿ ಕೂತು ತಪ್ಪು ಯಾರದೆಂದು ತೀರ್ಮಾನಿಸಿತು: ಕಷ್ಟಕಾಲದಲ್ಲಿ ಜಾಗ ಬಿಟ್ಟು ಓಡಿದ ಮರಳಿನದು. ಮರಳು ಅಲ್ಲಿರಲಿಲ್ಲವಾದ್ದರಿಂದ ಎದುರು ಮಾತೂ ಬರಲಿಲ್ಲ.

ದಿಮ್ಮಿ ಮಾತ್ರ ಕೆಳಗಿನ ತಿರುವಿನಲ್ಲಿ ಸಿಕ್ಕಿತು. "ಅಷ್ಟು ನೆರೆಯಲ್ಲೂ ಕಂಬಕ್ಕೆ ಆತುಕೊಂಡಿದ್ದ ನಿಷ್ಠಾವಂತ ಇವನೊಬ್ಬನೇ!" ಎಂದು ಗೌಡರು ಕಣ್ಣೊರೆಸಿಕೊಂಡು, ಹೊಸ ಕಾಲುಸಂಕಕ್ಕೆ ಅದನ್ನೇ ನಡುಗಂಬವಾಗಿ ನೆಡಿಸಿದರು.

ಮರುವರ್ಷ ಮೊದಲ ನೆರೆಯಲ್ಲಿ ಒಂದು ಬಿದಿರುಕಡ್ಡಿ ತೇಲಿಬಂದು ಅದಕ್ಕೆ ಒರಗಿತು.

"ದೊರೆ, ಮೇಲಿನ ಏಳೂರಿನ ಕಂಬ ನೋಡಿ ಬಂದೆ..."

ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ದಿಮ್ಮಿಗೆ ಅನ್ನಿಸಿತು. ಆದರೆ ಈ ಸಲ ಅದು ನಿಜವೂ ಆಗಿದೆಯಲ್ಲ ಎಂದುಕೊಂಡು ಉಬ್ಬಿತು.