ಹುಳುಕಿಲ್ಲದ ಹಲ್ಲು

ತಿರುಗುತ್ತಿದ್ದ ಪಾಲಿಶ್ ಚಕ್ರದಿಂದ ಕೈ ಹಿಂದೆಗೆದು ಮೇಷ್ಟ್ರು ಕಟ್ಟುಹಲ್ಲಿನ ಸೆಟ್ಟನ್ನು ನೀರಿಗದ್ದಿದರು, ಬಟ್ಟೆಯಲ್ಲಿ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದರು. ಗುಲಾಬಿ ವಸಡು ನಿಜವಾದದ್ದರಂತೆ ಮಿರುಗಿತು. ಮೇಲಿನ ಎಡಗಡೆಯ ಕೋರೆಹಲ್ಲನ್ನು ಬೇಕೆಂದೇ ಕೊಂಚ ಓರೆಯಾಗಿ ಕೂರಿಸಿದ್ದರು. ಹೆಂಡತಿ ನಕ್ಕರೆ ಮೊದಲು ಕಾಣುತ್ತಿದ್ದುದೇ ಆ ಓರೆ ಹಲ್ಲು.

ಅವರು ಡಾಕ್ಟರೂ ಅಲ್ಲ, ಮೇಷ್ಟ್ರೂ ಅಲ್ಲ. ಡಾಕ್ಟರು ಕಳಿಸುವ ಬಾಯಿಯ ಅಚ್ಚಿಗೆ ಹಲ್ಲು ಕಟ್ಟಿಕೊಡುವವರು. ಬೀದಿಯವರಿಗೆ ಆ ವ್ಯತ್ಯಾಸವೆಲ್ಲಿ? ಯಾರ ದವಡೆ ಊದಿದರೂ "ಸ್ವಲ್ಪ ನೋಡಿ ಹಲ್ಲು ಮೇಷ್ಟ್ರೇ" ಎಂದು ಬಾಗಿಲಲ್ಲೇ ಬಾಯಿ ತೆರೆಯುತ್ತಿದ್ದರು. ಕೇಳುವವರಿದ್ದರೆ ಹೇಳುವವರಿಗೇನು ಬರ? ಇವರೂ ಹೇಳುತ್ತ ಬಂದರು.

ಹಾಗೇ ಹೆಂಡತಿಗೂ ಹೇಳಿದ್ದರು. ಎಷ್ಟೋ ವರ್ಷದ ಕೆಳಗೆ ಅವಳು ಬಚ್ಚಲಿನಿಂದ ಕೂಗಿದ್ದಳು: "ರೀ, ಹಲ್ಲುಜ್ಜಿದ್ರೆ ರಕ್ತ ಬರ್ತಿದೆ."

ಅಚ್ಚಿಗೆಂದು ಕಲಸುತ್ತಿದ್ದ ಪ್ಲಾಸ್ಟರಿನಿಂದ ಅವರು ತಲೆಯೆತ್ತಿರಲಿಲ್ಲ. "ನೋಯುತ್ತಾ? ಇಲ್ವಲ್ಲ. ರಕ್ತ ಬರೋ ಕಡೆ ಬ್ರಶ್ ಹಾಕ್ಬೇಡ, ತಾನೇ ವಾಸಿಯಾಗುತ್ತೆ."

"ನಿಮಗೆ ಅಚ್ಚು ಕಳಿಸ್ತಾರಲ್ಲ, ಆ ಡಾಕ್ಟರಮ್ಮಂಗೆ ಒಂದ್ಸಲ ತೋರಿಸ್ಲಾ?"

"ಒಂದು ಹುಳುಕಿಲ್ಲ ನಿನ್ ಬಾಯಲ್ಲಿ. ಏನಂತ ತೋರಿಸ್ತೀಯ? ಪ್ರದರ್ಶನಕ್ಕಿಡ್ತೀಯಾ?"

ಅವಳು ನಕ್ಕಿದ್ದಳು. ಹೇಳಿದಂತೆ ಮಾಡಿದ್ದಳು. ಬ್ರಶ್ ಮುಟ್ಟದ ಕಡೆಯೆಲ್ಲ ಪಾಚಿ ಕಲ್ಲಾಯಿತು, ವಸಡು ಇಳಿಯಿತು, ಹಲ್ಲುಗಳು ಹಳೇ ಬೇಲಿಯ ಗೂಟಗಳಂತೆ ಅಲ್ಲಾಡಿದವು. ಕೊನೆಗೂ ಡಾಕ್ಟರಮ್ಮನ ಬಳಿ ಹೋದಾಗ ಎಲ್ಲವನ್ನೂ ಕೀಳುವುದೊಂದೇ ಉಳಿದಿತ್ತು. ಕಿತ್ತ ಹಲ್ಲೊಂದನ್ನು ಮೇಷ್ಟ್ರು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ನಿಜಕ್ಕೂ ಎಲ್ಲೂ ಹುಳುಕಿರಲಿಲ್ಲ.

"ಹಲ್ಲು ಚೆನ್ನಾಗೇ ಇದೆ. ಅದನ್ನ ಹಿಡ್ಕೊಂಡಿರೋ ಮೂಳೆ ಕರಗಿಹೋಗಿದೆ," ಎಂದರು ಡಾಕ್ಟರಮ್ಮ. "ರಕ್ತ ಬರೋಕೆ ಶುರುವಾದಾಗ್ಲೇ ಕ್ಲೀನ್ ಮಾಡಿಸಿ, ಅಲ್ಲೇ ಮೆತ್ತಗೆ ಉಜ್ಜಿದ್ದಿದ್ರೆ ಉಳೀತಿತ್ತು. ಯಾರೂ ಹೇಳ್ಲಿಲ್ವಾ?"

ಹತ್ತಿ ಕಚ್ಚಿಕೊಂಡು ಕೂತಿದ್ದ ಅವಳು ಗಂಡನ ಕಡೆ ನೋಡಲಿಲ್ಲ. ಮೇಷ್ಟ್ರೂ ಬಾಯಿ ಬಿಡಲಿಲ್ಲ. ಮನೆಗೆ ಬಂದ ಮೇಲೂ ಬಿಡಲಿಲ್ಲ. ವಸಡು ಮಾಗಿ, ಅವಳ ಬಾಯಿಯ ಅಚ್ಚು ಎಂದಿನಂತೆ ಇವರ ಬೆಂಚಿಗೇ ಬಂದಾಗ, ಹೇಳಬೇಕಾದ್ದನ್ನೆಲ್ಲ ಕೈಕೆಲಸದಲ್ಲೇ ಹೇಳಿಬಿಡುತ್ತೇನೆ ಅಂದುಕೊಂಡರು.

ಈಗ ಸೆಟ್ಟನ್ನು ಬಟ್ಟಲಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದರು. ಅವಳು ಹಾಲಿನಲ್ಲಿ ಬ್ರೆಡ್ಡು ನೆನೆಸುತ್ತಿದ್ದಳು.

"ನೋಡೇ. ಇಷ್ಟು ಚೆನ್ನಾಗಿ ಯಾರಿಗೂ ಮಾಡಿಲ್ಲ. ಥೇಟ್ ನಿಂದೇ."

ಅವಳು ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಮುಟ್ಟಲಿಲ್ಲ. "ಚೆನ್ನಾಗೇ ಇದೆ."

"ಮತ್ತೆ? ಹಾಕ್ಕೋ."

"ಬೆಳಿಗ್ಗೆ ಡಾಕ್ಟರಮ್ಮಂಗೆ ಹೇಳಿ ಬಂದೆ. ಬೇರೆಯವರ ಹತ್ರ ಮಾಡಿಸ್ತಾರಂತೆ."

"ಬೇರೆಯವರಾ?" ಮೇಷ್ಟ್ರು ನಗಲು ನೋಡಿದರು. "ಮನೇಲಿ ಅಂಗಡಿ ಇಟ್ಕೊಂಡು? ಅವರು ಎಲ್ಲಾ ಹಲ್ಲನ್ನೂ ಮೆರವಣಿಗೆ ಥರ ಒಂದೇ ಸಾಲಲ್ಲಿ ನಿಲ್ಲಿಸ್ತಾರೆ ಕಣೇ. ಅದು ನಿನ್ನ ಮುಖ ಆಗಲ್ಲ."

"ಆಗದಿದ್ರೆ ಬೇಡ ಬಿಡಿ."

"ಒಂದ್ಸಲ ಹಾಕಿ ನೋಡು. ಒತ್ತಿದ್ರೆ ತಿದ್ದಿ ಕೊಡ್ತೀನಿ." ಬಟ್ಟಲನ್ನು ಇನ್ನಷ್ಟು ಮುಂದೆ ಚಾಚಿದರು. ನೀರು ತುಳುಕಿ ಅವಳ ಸೆರಗಿಗೆ ಬಿತ್ತು. "ತಪ್ಪಾಯ್ತು ಅಂತ್ಲೇ ಇಟ್ಕೋ, ಮಾರಾಯ್ತಿ."

ಅವಳು ಅವರನ್ನು ನೆಟ್ಟಗೆ ನೋಡಿದಳು. ಒಳಗೆ ಸೇರಿಹೋಗಿದ್ದ ತುಟಿಗಳು ಅಲ್ಲಾಡಿದವು.

"ನನ್ನ ಬಾಯಿ ವಿಷ್ಯದಲ್ಲಿ ನಿಮ್ಮ ಮಾತು ಕೇಳಿದ್ದು ಸಾಕು," ಎಂದಳು. "ನಂಗೆ ಬೇಡ."