ಎರಡು ಮೊಳ ದೂರದಲ್ಲಿ

ಹುರುಳಿಕಾಯಿ ಸಾಲು ಮತ್ತೆ ಬೋಳಾಗಿತ್ತು. ಜಿಂಕೆಗಳದೇ ಕೆಲಸ. ಹುಲ್ಲು ಕೊಯ್ಯುವ ಮಷೀನಿನ ಯಜಮಾನನಿಗೆ ಪಿತ್ತ ನೆತ್ತಿಗೇರಿತು. ಊರವರು ಅವನನ್ನು ಕರೆಯುವುದೇ ಗಡಿಬಿಡಿ ಅಂತ. ಹಿಂದೆಮುಂದೆ ನೋಡದೆ ಬಂದೂಕಿದ್ದ ಭಾವಮೈದುನನಿಗೆ ಫೋನ್ ಮಾಡಿ, "ಸಂಜೆ ಬಾರಪ್ಪ, ಇವಕ್ಕೊಂದು ಗತಿ ಕಾಣಿಸೋಣ" ಎಂದುಬಿಟ್ಟ. ಆಮೇಲೆ ಮಷೀನು ಹತ್ತಿ ಹುಲ್ಲುಗಾವಲಿಗೆ ಇಳಿದ.

ಅಂಚಿನಿಂದ ಸುತ್ತುತ್ತ ಸುತ್ತುತ್ತ ಒಳಗೆ ಬರುವುದು ಅವನ ಪದ್ಧತಿ. ಅಪ್ಪನೂ ಹಾಗೆಯೇ ಕೊಯ್ಯುತ್ತಿದ್ದ. ನಡುವೆ ಒಂದು ಕೋಣೆಯಷ್ಟು ಹುಲ್ಲು ಉಳಿದಿರುವಾಗ ಅಕ್ಕ ಕೈ ಬೀಸುತ್ತ ಓಡಿಬಂದಳು. ಅವಳು ಅರಣ್ಯ ಇಲಾಖೆಯ ಕಾವಲುಗಾರ್ತಿ.

"ನಿಲ್ಸೋ! ಮೊದ್ಲು ನಿಲ್ಸು!"

"ಏನಕ್ಕ, ಮನೆಗೆ ಬೆಂಕಿ ಬಿತ್ತಾ?"

"ಜಿಂಕೆ ಮರಿ ಹಾಕೋ ಕಾಲ ಇದು. ಸುತ್ತ ಕೊಯ್ದು ಕೊಯ್ದು ಎಲ್ಲವನ್ನೂ ನಡುವಿಗೆ ಅಟ್ಟಿದೀಯ."

"ಈ ಸದ್ದಿಗೆ ಕಿವುಡನೂ ಎದ್ದು ಓಡ್ತಾನೆ. ಮರಿ ಓಡಲ್ವಾ?"

"ಎಳೇ ಮರಿ ಓಡಲ್ಲ ಕಣೋ. ಹೆದರಿದ್ರೆ ನೆಲಕ್ಕೆ ಅಂಟ್ಕೊಂಡು ಮಲಗತ್ತೆ."

ಗೊಣಗುತ್ತಲೇ ಇಳಿದು ಹುಲ್ಲು ಸರಿಸಿದ. ಅಲಗಿನಿಂದ ಎರಡು ಮೊಳ ದೂರದಲ್ಲಿ ಚುಕ್ಕೆ ಮೈಯ ಮರಿಯೊಂದು ಕಿವಿ ಮಡಚಿ ಮಲಗಿತ್ತು. ಉಸಿರಾಡುತ್ತಿತ್ತು. ಗಡಿಬಿಡಿ ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ಎತ್ತಿಕೊಳ್ಳಲು ಚಾಚಿದ ಕೈಗೆ ಅಕ್ಕ ಒಂದು ಏಟು ಕೊಟ್ಟಳು.

"ಮುಟ್ಬೇಡ. ಈ ತುಣುಕು ಕೊಯ್ಯದೆ ಬಿಡು. ನಾವು ಸರಿದ್ರೆ ತಾಯಿ ಬರ್ತಾಳೆ."

"ನನ್ ಹುಲ್ಲೇ ಬೇಕಿತ್ತಾ ಆ ಮಹಾತಾಯಿಗೆ? ನನ್ ಹುರುಳಿಕಾಯೇ ಬೇಕಿತ್ತಾ?"

"ಹೋದ್ವರ್ಷ ಹಳ್ಳದ ದಂಡೆ ಪೊದೇನ ಗಡ್ಡದ ಹಾಗೆ ಬೋಳಿಸಿದ್ಯಾರು? ಅವುಗಳ ಅಡುಗೆಮನೆ, ಹೆರಿಗೆಮನೆ ಎರಡೂ ಅಲ್ಲೇ ಇದ್ವು. ಇನ್ನು ಆ ಬಂದೂಕು. ನಿನ್ನ ಹೆಂಡ್ತಿ ಎಲ್ಲಾ ಹೇಳಿದ್ಲು. ಬೇಟೆಗೆ ನಿಷೇಧ ಇದೆ. ತಾಯೀನ ಹೊಡೆದ್ರೆ ಮರಿ ಹಸಿದು ಸಾಯತ್ತೆ, ನೀವಿಬ್ರು ಜೈಲಲ್ಲಿ ಕೂತು ಉಣ್ತೀರ. ಬೆಳೆ ಹಾಳಾದ್ರೆ ನಮ್ಮ ಕಚೇರಿಗೆ ಹೇಳು. ಬೇಲಿ ಹಾಕ್ಸೋಕೆ ಒಂದು ದಾರಿ ಮಾಡೋಣ."

ಮನೆಗೆ ಬಂದು ಅಡುಗೆಮನೆಯ ಕಿಟಕಿಯಿಂದ ಗಂಡ, ಹೆಂಡತಿ, ಅಕ್ಕ ಮೂವರೂ ನೋಡುತ್ತ ನಿಂತರು. ಬಹಳ ಹೊತ್ತಿನ ಮೇಲೆ ತಾಯಿ ಬಂದಳು. ಮರಿ ಎದ್ದು ನಿಂತು ಬಾಲ ಅಲ್ಲಾಡಿಸಿತು. ಹೆಂಡತಿ "ಅಬ್ಬಾ" ಎಂದಳು. ಗಡಿಬಿಡಿ ಮತ್ತೆ ಫೋನ್ ತೆಗೆದ.

"ಲೋ, ಬಂದೂಕು ಬಿಟ್ಟು ಗುದ್ದಲಿ ತಗೊಂಡ್ ಬಾ. ಹಳ್ಳದ ದಂಡೇಲಿ ಗಿಡ ನೆಡೋದಿದೆ."

"ಕುಡಿದಿದೀರಾ ಭಾವ?"

"ಇಲ್ಲಪ್ಪ. ಈಗ ತಾನೇ ಬದುಕಿಕೊಂಡೆ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹುಲ್ಲು ಕೊಯ್ಯುವ ಮೊದಲು ಒಮ್ಮೆ ಹುಲ್ಲುಗಾವಲಿನೊಳಗೆ ನಡೆದು ನೋಡಿ. ನಡುವಿನಿಂದ ಶುರುಮಾಡಿ ಅಂಚಿನ ಕಡೆ ಬನ್ನಿ, ಓಡಬಲ್ಲವು ಓಡಿಹೋಗಲಿ. ಹಳ್ಳದ ದಂಡೆಯ ಪೊದೆ ಉಳಿಸಿ. ಬಂದೂಕಿನ ನೆನಪಾದರೆ ಮೊದಲು ಅರಣ್ಯ ಕಚೇರಿಗೆ ಹೋಗಿ ನಿಯಮ ಕೇಳಿ. ಎರಡು ಮೊಳದ ಪುಣ್ಯ ದಿನವೂ ಸಿಗುವುದಿಲ್ಲ.